ಬೆಂಕಿಯಿಂದ ಬಿಸಿಗಾಳಿಗೆ: ಒಂದು ಸಣ್ಣ ಕೊಳವೆಯ ಕಥೆ



ಪತ್ರಿಕೆಗೆ ಇತಿಹಾಸದ ಬಗ್ಗೆ ಒಂದು ಲೇಖನ ಬರೆದುಕೊಡಿ ಎಂದು ಸಂಘದ ಗೆಳೆಯರು ಕೇಳಿದಾಗ ಅವರ ಮನಸ್ಸಿನಲ್ಲಿದ್ದುದು ಹೊಯ್ಸಳರೋ ವಿಜಯನಗರವೋ ಇರಬೇಕು. ನಾನು ಇತಿಹಾಸ ಓದಿದವನಲ್ಲ. ಸೊಹಾರಿನ ಕೈಗಾರಿಕಾ ವಲಯದಲ್ಲಿ ತಂತಿ, ಮೀಟರು, ಟರ್ಮಿನಲ್‌ಗಳ ನಡುವೆ ಹಗಲು ಕಳೆಯುವವನು. ಹಾಗಾಗಿ ನನ್ನ ಕೈಗೆ ದಿನವೂ ಸಿಗುವ ಒಂದು ವಸ್ತುವಿನ ಇತಿಹಾಸವನ್ನೇ ಬರೆಯುತ್ತಿದ್ದೇನೆ. ರಾಜರೂ ಯುದ್ಧಗಳೂ ಇಲ್ಲದ ಇತಿಹಾಸ ಇದು. ಮನ್ನಿಸಬೇಕು.

ಕಥೆ ಶುರುವಾದದ್ದು ನಮ್ಮ ಮನೆಯ ಊಟದ ಮೇಜಿನ ಮೇಲೆ. ಒಂಬತ್ತನೇ ತರಗತಿಯ ಮಗಳು ಶಾಲೆಯ ಪ್ರದರ್ಶನಕ್ಕೆಂದು ಎಲ್‌ಇಡಿ ದೀಪ ಮಾಡುತ್ತಿದ್ದಳು. ಸೋಲ್ಡರಿಂಗ್ ನಾನೇ ಕಲಿಸಿದ್ದೆ, ಚೆನ್ನಾಗಿಯೇ ಮಾಡಿದ್ದಳು. ಕೀಲಿನ ಮೇಲೆ ಕಪ್ಪು ಕೊಳವೆಯ ತುಂಡು ಏರಿಸಿ, ದೇವರ ಮುಂದಿಟ್ಟಿದ್ದ ಲೈಟರನ್ನು ತಂದು ಕೆಳಗೆ ಹಿಡಿದಳು. ಹೀಟ್ ಶ್ರಿಂಕ್ ಸ್ಲೀವ್ ಎಂದು ಅಂಗಡಿಯಲ್ಲಿ ಕೇಳುವ ಈ ಕೊಳವೆ ಬಿಸಿ ತಾಗಿದರೆ ಕುಗ್ಗಿ ತಂತಿಯನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಲೈಟರ್ ಕಂಡದ್ದೇ ನಾನು ಕೂಗಿಬಿಟ್ಟೆ. ಅವಳು ಬೆಚ್ಚಿ, "ಎಲ್ಲರೂ ಹೀಗೇ ಮಾಡೋದಲ್ವಾ ಅಪ್ಪಾ? ಬೆಂಕಿ ಬೇಡ ಅಂದ್ರೆ ಬೇರೆ ಏನರಲ್ಲಿ ಬಿಸಿ ಮಾಡ್ಲಿ?" ಎಂದಳು.

ನಾನು ಕೂಗಿದ್ದಕ್ಕೆ ಕಾರಣ ನಮ್ಮ ಅಮ್ಮನ ಮಿಕ್ಸಿ. ಅದನ್ನು ಆಮೇಲೆ ಹೇಳುತ್ತೇನೆ. ಮಗಳ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ನಮ್ಮ ಸೊಹಾರಿನಿಂದ ಬಹಳ ದೂರ ಹೋಗಬೇಕಿಲ್ಲ. ಉತ್ತರಕ್ಕೆ, ಮುಸಂದಮ್ ತನಕ ಹೋದರೆ ಸಾಕು.

ಒಮ್ಮೆ ಈದ್ ರಜೆಯಲ್ಲಿ ಖಸಬ್‌ಗೆ ಹೋಗಿ ದೋಣಿಯಲ್ಲಿ ತಿರುಗಾಡಿದೆವು. ಎರಡೂ ಕಡೆ ಬೋಳು ಬೆಟ್ಟ, ನಡುವೆ ಹಸಿರು ನೀರು, ಅದರ ಮಧ್ಯೆ ಕೈಯಗಲದ ಒಂದು ಕಲ್ಲುದಿಬ್ಬ. ಅದೇ ಟೆಲಿಗ್ರಾಫ್ ಐಲ್ಯಾಂಡ್. ಇಲ್ಲಿಯವರು ಜಝೀರತ್ ಅಲ್ ಮಕ್ಲಬ್ ಎನ್ನುತ್ತಾರೆ. 1864ರಲ್ಲಿ ಗ್ವಾದರ್‌ನಿಂದ ಮುಸಂದಮ್ ಮೂಲಕ ಬುಶೆಹರ್‌ಗೆ, ಅಲ್ಲಿಂದ ಇರಾಕಿನ ಫಾವ್‌ಗೆ ಸಮುದ್ರದಡಿ ತಂತಿ ಕೇಬಲ್ ಹಾಸಿದರು. ಇಂಡಿಯಾವನ್ನು ಲಂಡನ್ನಿಗೆ ಜೋಡಿಸುವ ತಂತಿ ಅದು. ಗ್ವಾದರ್ ಆಗ ಮಸ್ಕತ್ತಿನ ಸುಲ್ತಾನರದೇ. 1958ರ ತನಕವೂ ಅದು ಒಮಾನಿನ ಊರಾಗಿತ್ತು ಎಂಬುದು ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ. ಕೇಬಲ್ ಹೊತ್ತು ತಂದ ಹಡಗುಗಳಲ್ಲಿ ಒಂದಾದ ‘ಟ್ವೀಡ್’ ಮುಂಬಯಿಯ ಹಡಗುಕಟ್ಟೆಯಲ್ಲೇ ಕಟ್ಟಿದ್ದು. ಅದರ ಮೊದಲ ಹೆಸರು ‘ಪಂಜಾಬ್’.

ಆ ದ್ವೀಪದ ಮೇಲೆ ಕೆಲಸ ಮಾಡಿದವರ ಪಾಡು ಯೋಚಿಸಿ. ಏಸಿ ಇಲ್ಲ, ಫ್ಯಾನಿಲ್ಲ, ಸುತ್ತಲ ಬೆಟ್ಟಗಳು ಕಾದ ಕಾವಲಿಯಂತೆ. ನಾಲ್ಕೈದು ವರ್ಷಗಳಲ್ಲೇ ಆ ಠಾಣೆಯನ್ನು ಮುಚ್ಚಿದರು. ತಲೆ ಕೆಟ್ಟಿತು ಎನ್ನುವುದಕ್ಕೆ ಇಂಗ್ಲಿಷಿನಲ್ಲಿರುವ ಒಂದು ನುಡಿಗಟ್ಟು ಇಲ್ಲಿಂದಲೇ ಹುಟ್ಟಿತೆಂದು ದೋಣಿಯವನು ನಮಗೆ ಹೇಳಿದ. ನನಗೇನೋ ನಂಬಿಕೆ ಬರಲಿಲ್ಲ. ಆದರೆ ಜುಲೈ ತಿಂಗಳಲ್ಲಿ ಅಲ್ಲಿ ನಿಂತರೆ ಯಾರಿಗಾದರೂ ತಲೆ ಕೆಡುವುದು ಖಂಡಿತ.

ಇರಲಿ. ನಮ್ಮ ಕೊಳವೆಗೂ ಆ ಕೇಬಲ್ಲಿಗೂ ಏನು ಸಂಬಂಧ? ಸಂಬಂಧ ಇರುವುದು ತಾಮ್ರದ ತಂತಿಗೆ ಹೊದಿಸಿದ ಅಂಗಿಯಲ್ಲಿ. ಸಮುದ್ರದ ನೀರು ತಂತಿಗೆ ತಾಗದಂತೆ ಅದಕ್ಕೆ ‘ಗಟ್ಟಾ ಪರ್ಚಾ’ ಎಂಬ ಮರದ ಅಂಟನ್ನು ಮೆತ್ತಿದ್ದರು. ಮಲಯ ದೇಶದ ಕಾಡುಗಳಲ್ಲಿ ಬೆಳೆಯುವ ಒಂದು ಮರದ ಹಾಲು ಅದು. 1843ರಲ್ಲಿ ಮಾಂಟ್ಗೊಮರಿ ಎಂಬ ವೈದ್ಯರು ಇದನ್ನು ಯುರೋಪಿಗೆ ಪರಿಚಯಿಸಿದರು. ಇದರ ಗುಣ ವಿಚಿತ್ರ. ಬಿಸಿನೀರಿನಲ್ಲಿ ಅದ್ದಿದರೆ ಕಣಕದಂತೆ ಮೆತ್ತಗಾಗುತ್ತದೆ, ಬೇಕಾದ ಆಕಾರ ಕೊಡಬಹುದು, ತಣ್ಣಗಾದರೆ ಗಟ್ಟಿ. ಉಪ್ಪುನೀರಿನಲ್ಲಿ ದಶಕಗಳ ಕಾಲ ಕೆಡುವುದಿಲ್ಲ, ಗಾಳಿ ಬಿಸಿಲಿಗೆ ಬಿಟ್ಟರೆ ಮಾತ್ರ ಬಿರುಕು ಬಿಡುತ್ತದೆ. ಈ ಅಂಟಿಗಾಗಿ ಕಡಿದುರುಳಿಸಿದ ಮರಗಳಿಗೆ ಲೆಕ್ಕವೇ ಇಲ್ಲ. ಆ ಕಥೆಗೆ ಇನ್ನೊಂದೇ ಲೇಖನ ಬೇಕು.

ಕೇಬಲ್ಲಿನ ಎರಡು ತುದಿ ಜೋಡಿಸುವವನ ಕೆಲಸ ಹೇಗಿತ್ತು ಗೊತ್ತೆ? ಮೊದಲು ತಾಮ್ರಕ್ಕೆ ಬೆಸುಗೆ. ಆಮೇಲೆ ಎರಡೂ ಕಡೆಯ ಗಟ್ಟಾ ಪರ್ಚಾವನ್ನು ಸ್ಪಿರಿಟ್ ದೀಪದ ಸಣ್ಣ ಉರಿಯಲ್ಲಿ ಕಾಯಿಸಿ, ಬೆರಳಿನಿಂದ ಎಳೆದು ಕೀಲಿನ ಮೇಲೆ ತರುವುದು, ಅದರ ಮೇಲೆ ಹೊಸ ಹಾಳೆ ಸುತ್ತಿ ಮತ್ತೆ ಕಾಯಿಸಿ ಒತ್ತಿ ಒಂದೇ ಮೈ ಮಾಡುವುದು. ಬಿಸಿ ಕಡಿಮೆಯಾದರೆ ಹಾಳೆ ಅಂಟುವುದಿಲ್ಲ, ನೀರು ಒಳಗೆ ಹೋಗುತ್ತದೆ. ಜಾಸ್ತಿಯಾದರೆ ಅಂಟು ಸುಟ್ಟು ಜಿಗುಟಾಗಿ ಕೆಡುತ್ತದೆ. ಒಂದು ಕೀಲು ಕೆಟ್ಟರೆ ನೂರಾರು ಮೈಲಿಯ ತಂತಿ ಮೂಕ. ಆದ್ದರಿಂದಲೇ ಕೇಬಲ್ ಜೋಡಿಸುವವರಿಗೆ ಆಗ ಅಷ್ಟು ಬೆಲೆಯಿತ್ತು. ಉರಿಯನ್ನು ಎಷ್ಟು ಹತ್ತಿರ, ಎಷ್ಟು ಹೊತ್ತು ಹಿಡಿಯಬೇಕು ಎಂಬುದೇ ಅವರ ವಿದ್ಯೆ. ನನ್ನ ಮಗಳ ಪ್ರಶ್ನೆ ಅಲ್ಲೇ ಇತ್ತು ನೋಡಿ, ನೂರೈವತ್ತಕ್ಕೂ ಹೆಚ್ಚು ವರ್ಷ ಹಿಂದೆ.

ಇನ್ನು ನಮ್ಮ ಕನ್ನಡನಾಡಿಗೆ ಬರೋಣ. ಮನೆಯಲ್ಲಿ ಕೂತು ಎಲೆಕ್ಟ್ರಾನಿಕ್ಸ್ ಮಾಡುವ ಹುಚ್ಚು ನಮಗೆ ಹೊಸದಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ ಒಂದು ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು 1935ರ ಸೆಪ್ಟೆಂಬರ್ 10ರಂದು ಬಾನುಲಿ ಪ್ರಸಾರ ಆರಂಭಿಸಿದರು. ಅದೇ ‘ಆಕಾಶವಾಣಿ’. ಮುಂದೆ ಇಡೀ ಭಾರತದ ರೇಡಿಯೋಗೆ ಆ ಹೆಸರೇ ಬಂತು. ಆ ಕಾಲದ ರೇಡಿಯೋಗಳ ತಂತಿಗಳಿಗೆ ಪ್ಲಾಸ್ಟಿಕ್ ಹೊದಿಕೆ ಇರಲಿಲ್ಲ. ರಬ್ಬರಿನ ಮೇಲೆ ಹತ್ತಿ ನೂಲು ಹೆಣೆದ ತಂತಿ, ಬರಿ ತಂತಿಯ ಮೇಲೆ ಏರಿಸಲು ವಾರ್ನಿಷ್ ಕುಡಿಸಿದ ಬಟ್ಟೆಯ ಕೊಳವೆ.

ಈ ಬಟ್ಟೆಯ ಕೊಳವೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಉಡುಪಿ ಕಡೆಯ ನಮ್ಮೂರ ಪೇಟೆಯಲ್ಲಿ ನನ್ನ ಸೋದರಮಾವನ ರೇಡಿಯೋ ರಿಪೇರಿ ಅಂಗಡಿ ಇತ್ತು. 1970ರ ದಶಕ. ಹಳದಿ ಬಣ್ಣದ, ಮುಟ್ಟಿದರೆ ಬೆರಳಿಗೆ ಎಣ್ಣೆ ಹತ್ತಿದಂತಾಗುವ ಆ ಕೊಳವೆಗೆ ಮಾವ ‘ಎಂಪೈರ್ ಸ್ಲೀವ್’ ಎನ್ನುತ್ತಿದ್ದರು. ಅದಕ್ಕೆ ಬಿಸಿಯ ಗೊಡವೆಯೇ ಇಲ್ಲ. ಆದರೆ ಹಿಡಿತವೂ ಇಲ್ಲ, ಜಾರುತ್ತಿತ್ತು. ಎರಡೂ ತುದಿಗೆ ದಾರ ಕಟ್ಟುವ ಕೆಲಸ ರಜೆಯಲ್ಲಿ ಹೋದ ನನ್ನದು. ಕರೆಂಟ್ ಹೋದಾಗ ಮಾವ ಸೀಮೆಎಣ್ಣೆ ಸ್ಟೋವ್ ಮೇಲೆ ತಾಮ್ರದ ತಲೆಯ ದಪ್ಪ ಸೋಲ್ಡರಿಂಗ್ ಐರನ್ ಕಾಯಿಸಿ ಬೆಸುಗೆ ಹಾಕುತ್ತಿದ್ದರು. ಕಾದಿದೆಯೇ ಎಂದು ನೋಡಲು ಅದನ್ನು ಕೆನ್ನೆಯ ಹತ್ತಿರ ಹಿಡಿಯುತ್ತಿದ್ದರು! ನಾವು ಹುಡುಗರು ಉಸಿರು ಬಿಗಿಹಿಡಿದು ನೋಡುತ್ತಿದ್ದೆವು.

ಬಟ್ಟೆಯ ನಂತರ ಬಂದದ್ದು ಇನ್ಸುಲೇಶನ್ ಟೇಪ್. ಅಮೆರಿಕದ 3ಎಂ ಕಂಪನಿ 1940ರ ದಶಕದಲ್ಲಿ ಹೊರತಂದ ಈ ವಿನೈಲ್ ಟೇಪು ಒಳ್ಳೆಯದೇ. ಆದರೆ ಗಲ್ಫಿನ ಬೇಸಿಗೆಯಲ್ಲಿ ಅದರ ಅಂಟು ಕರಗಿ, ಟೇಪು ಸುರುಳಿ ಬಿಚ್ಚಿಕೊಳ್ಳುವುದನ್ನು ನಮ್ಮಲ್ಲಿ ಕಾರಿನ ಬಾನೆಟ್ ತೆರೆದು ನೋಡಿದವರೆಲ್ಲ ಬಲ್ಲರು.

ಕುಗ್ಗುವ ಕೊಳವೆಯ ಹುಟ್ಟು ಇದಕ್ಕಿಂತ ಸ್ವಾರಸ್ಯ. 1933ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ಪ್ರಯೋಗಶಾಲೆಯಲ್ಲಿ ಫಾಸೆಟ್ ಮತ್ತು ಗಿಬ್ಸನ್ ಎಂಬಿಬ್ಬರಿಗೆ ಬೇರೇನೋ ಮಾಡಲು ಹೋಗಿ ಬಿಳಿಯ ಮೇಣದಂಥ ವಸ್ತು ಸಿಕ್ಕಿತು. ಅದೇ ಪಾಲಿಥೀನ್, ಇಂದು ನಮ್ಮ ಲುಲು ಚೀಲದ ತನಕ ಬಂದಿರುವ ಪ್ಲಾಸ್ಟಿಕ್. ಎರಡನೇ ಮಹಾಯುದ್ಧದಲ್ಲಿ ರಾಡಾರ್ ಕೇಬಲ್ಲುಗಳಿಗೆ ಅದನ್ನು ಹೊದಿಸಿದರು. ಒಂದೇ ದೋಷ: ನೂರು ಡಿಗ್ರಿ ದಾಟುತ್ತಲೇ ಕರಗಿ ಹರಿಯುತ್ತದೆ. 1952ರ ಹೊತ್ತಿಗೆ ಹಾರ್ವೆಲ್‌ನ ಅಣು ಸಂಶೋಧನಾ ಕೇಂದ್ರದಲ್ಲಿ ಆರ್ಥರ್ ಚಾರ್ಲ್ಸ್‌ಬಿ ಎಂಬವರು ಪಾಲಿಥೀನನ್ನು ರಿಯಾಕ್ಟರಿನ ವಿಕಿರಣಕ್ಕೆ ಒಡ್ಡಿ ನೋಡಿದಾಗ, ಅದು ಬಿಸಿಗೆ ಮೆತ್ತಗಾದರೂ ಹರಿಯದೆ ನಿಂತಿತು. ವಿಕಿರಣವು ಪ್ಲಾಸ್ಟಿಕ್ಕಿನ ಉದ್ದ ಎಳೆಗಳನ್ನು ಅಲ್ಲಲ್ಲಿ ಗಂಟು ಹಾಕಿತ್ತು. ಶಾವಿಗೆಯ ರಾಶಿಯಾಗಿದ್ದದ್ದು ಮೀನಿನ ಬಲೆಯಾಯಿತು ಎಂದರೆ ಕರಾವಳಿಯವರಿಗೆ ಬೇಗ ಅರ್ಥವಾದೀತು.

ಬಲೆಯ ಗುಣವೇನು? ಎಳೆದರೆ ಹಿಗ್ಗುತ್ತದೆ, ಆದರೆ ಗಂಟುಗಳು ತಮ್ಮ ಜಾಗ ಮರೆಯುವುದಿಲ್ಲ. ಇದನ್ನು ಹಿಡಿದು ವ್ಯಾಪಾರ ಮಾಡಿದವರು ಕ್ಯಾಲಿಫೋರ್ನಿಯಾದ ಪಾಲ್ ಕುಕ್. 1957ರಲ್ಲಿ ಅವರು ಕಟ್ಟಿದ ಕಂಪನಿಯೇ ಮುಂದೆ ರೇಕೆಮ್ ಎಂದು ಹೆಸರಾಯಿತು. ವಿಕಿರಣ ಕೊಟ್ಟ ಕೊಳವೆಯನ್ನು ಕಾಯಿಸಿ, ಒಳಗಿನಿಂದ ಊದಿ ದೊಡ್ಡದು ಮಾಡಿ, ಹಾಗೇ ತಣ್ಣಗಾಗಿಸಿದರೆ ಅದು ದೊಡ್ಡದಾಗಿಯೇ ಉಳಿಯುತ್ತದೆ. ಮತ್ತೆ ಬಿಸಿ ತಾಗಿದೊಡನೆ ತನ್ನ ಹಳೆಯ ಅಳತೆ ನೆನಪಾಗಿ ಕುಗ್ಗುತ್ತದೆ. 1960ರ ದಶಕದ ಮೊದಲಿಗೆ ಇದು ಮಾರುಕಟ್ಟೆಗೆ ಬಂತು. ಮೊದಲ ಗಿರಾಕಿಗಳು ವಿಮಾನ ಮತ್ತು ಸೇನೆಯವರು, ನಮ್ಮಂಥವರ ಕೈಗೆ ಸಿಕ್ಕಿದ್ದು ಬಹಳ ತಡವಾಗಿ. ಭಾರತದಲ್ಲಿ 1989ರಲ್ಲಿ ಆರ್‌ಪಿಜಿ ಸಮೂಹದೊಡನೆ ರೇಕೆಮ್ ಜಂಟಿ ಕಂಪನಿಯಾಯಿತು. ಬೆಂಗಳೂರಿನ ಎಸ್. ಪಿ. ರಸ್ತೆಯಲ್ಲಿ ನಾನು ಮೊದಲು ಈ ಕೊಳವೆ ಕೊಂಡಾಗ ಅಂಗಡಿಯವನು ಮೀಟರ್ ಲೆಕ್ಕದಲ್ಲಿ ಬಟ್ಟೆಯಂತೆ ಅಳೆದುಕೊಟ್ಟಿದ್ದ.

ಈಗ ಮಿಕ್ಸಿಯ ವಿಷಯ. ಕೆಲವು ವರ್ಷಗಳ ಹಿಂದೆ ರಜೆಗೆ ಊರಿಗೆ ಹೋದಾಗ ಅಮ್ಮನ ಮಿಕ್ಸಿಯ ವಯರನ್ನು ಇಲಿ ಕಡಿದಿತ್ತು. ಪೆಟ್ಟಿಗೆಯಲ್ಲಿ ಕೊಳವೆಯಿತ್ತು, ನನ್ನ ವಿದ್ಯೆ ತೋರಿಸುವ ಹುಮ್ಮಸ್ಸೂ ಇತ್ತು. ತಂತಿ ಜೋಡಿಸಿ, ಬೆಸುಗೆ ಹಾಕಿ, ಕೊಳವೆ ಏರಿಸುವ ಹೊತ್ತಿಗೆ ಕರೆಂಟ್ ಹೋಯಿತು. ಮೇಣದ ಬತ್ತಿ ಹಚ್ಚಿದ್ದೆವಲ್ಲ, ಅದರ ಮೇಲೆಯೇ ಹಿಡಿದೆ. ಕೊಳವೆ ಕುಗ್ಗಿತು, ಕಪ್ಪಗೆ ಮಿರಮಿರ ಮಿಂಚಿತು. ಅಮ್ಮ ಅಕ್ಕಪಕ್ಕದವರಿಗೆಲ್ಲ ತೋರಿಸಿದರು, ಮಗ ಮಸ್ಕತ್ತಿನಿಂದ ಬಂದು ರಿಪೇರಿ ಮಾಡಿಕೊಟ್ಟ ಎಂದು. (ಊರಿನವರಿಗೆ ಸೊಹಾರ್ ಕೂಡ ಮಸ್ಕತ್ತೇ.)

ನಾಲ್ಕು ತಿಂಗಳ ಮೇಲೆ ತಂಗಿಯ ಫೋನ್ ಬಂತು. ಕಾಯಿ ರುಬ್ಬುವಾಗ ಅಮ್ಮನ ಒದ್ದೆ ಕೈ ವಯರಿಗೆ ತಾಗಿ ಶಾಕ್ ಹೊಡೆದಿತ್ತು. ಕೈ ತಾನಾಗಿಯೇ ಕಿತ್ತುಕೊಂಡು ಬಂತು, ಬೇರೇನೂ ಆಗಲಿಲ್ಲ. ಆ ಹಳೆಯ ಮನೆಯಲ್ಲಿ ಕರೆಂಟ್ ಸೋರಿದರೆ ಥಟ್ಟನೆ ಕಡಿಯುವ ಸ್ವಿಚ್ ಇರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮುಂದಿನ ರಜೆಯಲ್ಲಿ ಆ ಕೊಳವೆಯನ್ನು ಕತ್ತರಿಸಿ ನೋಡಿದೆ. ಬತ್ತಿಯ ಕಡೆಗಿದ್ದ ಪಕ್ಕ ಸುಟ್ಟು ಹಪ್ಪಳದಂತೆ ಒಣಗಿ ಬಿರಿದಿತ್ತು. ಬೆಸುಗೆಯಲ್ಲಿ ನಾನು ಬಿಟ್ಟಿದ್ದ ಒಂದು ಚೂಪು ಎಳೆ ಆ ಬಿರುಕಿನಿಂದ ಹೊರಗೆ ಇಣುಕುತ್ತಿತ್ತು. ಇನ್ನೊಂದು ಪಕ್ಕ ಮಾತ್ರ ಹೊಸದರಂತೆ ಇತ್ತು.

ಕಾರಣ ಈಗ ಲೆಕ್ಕ ಹಾಕಿದರೆ ಸರಳ. ಸಾಮಾನ್ಯ ಪಾಲಿಯೊಲಿಫಿನ್ ಕೊಳವೆ 70 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕುಗ್ಗಲು ತೊಡಗಿ 120ರ ಹೊತ್ತಿಗೆ ಪೂರ್ತಿ ಕುಗ್ಗಿರುತ್ತದೆ. ಅದಕ್ಕೆ ಬೇಕಾದ್ದು ಅಷ್ಟೇ. ಮೇಣದ ಬತ್ತಿಯ ಉರಿಯ ಅತಿ ಬಿಸಿ ಭಾಗ ಸಾವಿರ ಡಿಗ್ರಿ ದಾಟುತ್ತದೆ. ಸೊಹಾರಿನ ಹಿಂದಿನ ವಾದಿ ಜಿಝ್ಝಿಯಲ್ಲಿ ಪ್ರಾಚೀನರು ತಾಮ್ರ ಕರಗಿಸುತ್ತಿದ್ದರಲ್ಲ, ಆ ತಾಮ್ರ ಕರಗುವುದು 1085 ಡಿಗ್ರಿಗೆ. ಅಂದರೆ ತಾಮ್ರದ ಕುಲುಮೆಗೆ ತಕ್ಕ ಬಿಸಿಯನ್ನು ನಾನು ಒಂದು ಪ್ಲಾಸ್ಟಿಕ್ ಕೊಳವೆಯ ಕೆಳಗೆ ಹಿಡಿದಿದ್ದೆ. ಅದೂ ಒಂದೇ ಪಕ್ಕಕ್ಕೆ. ಆ ಪಕ್ಕ ಸುಟ್ಟ ಮೇಲೆಯೇ ಈ ಪಕ್ಕ ಕುಗ್ಗುವುದು. ಮೇಲೆ ಕೂತ ಮಸಿ ಬೇರೆ; ಮಸಿಯೆಂದರೆ ಇಂಗಾಲ, ಅದರಲ್ಲಿ ಕರೆಂಟ್ ಅಷ್ಟಿಷ್ಟು ಹರಿಯುತ್ತದೆ.

ಹಾಗಾದರೆ ಏನರಲ್ಲಿ ಬಿಸಿ ಮಾಡಬೇಕು? ನಾನು ಎಲ್ಲವನ್ನೂ ಮಾಡಿ ನೋಡಿದ್ದೇನೆ.

ಸೋಲ್ಡರಿಂಗ್ ಐರನ್ ಕೈಯಲ್ಲಿ ಹೇಗೂ ಇರುತ್ತದೆ. ಅದರ ತುದಿ 350 ಡಿಗ್ರಿ, ಕೊಳವೆಗೆ ತಾಗಿದರೆ ತೂತು. ತುದಿಯ ಹಿಂದಿನ ಉದ್ದ ಭಾಗವನ್ನು ಕೂದಲೆಳೆಯಷ್ಟು ದೂರದಲ್ಲಿ ಹಿಡಿದು, ತಂತಿಯನ್ನು ತಿರುಗಿಸುತ್ತ ಹೋದರೆ ಸಣ್ಣ ಕೊಳವೆ ಕುಗ್ಗುತ್ತದೆ. ಒಂದೆರಡು ಕೀಲಿಗೆ ಸರಿ, ಹತ್ತಾದರೆ ಕೈ ಸೋಲುತ್ತದೆ.

ನನ್ನ ಶ್ರೀಮತಿಯವರ ಹೇರ್ ಡ್ರೈಯರನ್ನು ಅವರು ಮಾರ್ಕೆಟ್ಟಿಗೆ ಹೋದಾಗ ಎತ್ತಿಕೊಂಡು ನೋಡಿದೆ. ಫ್ರಾನ್ಸಿನ ಗೋಡೆಫ್ರಾಯ್ ಎಂಬ ಕ್ಷೌರಿಕ 19ನೇ ಶತಮಾನದ ಕೊನೆಗೆ ಮೊದಲು ಕಟ್ಟಿದ ಯಂತ್ರದ ವಂಶದ್ದು ಅದು. ತಲೆಯ ಚರ್ಮ ಸುಡಬಾರದೆಂದೇ ಮಾಡಿದ್ದಾದ್ದರಿಂದ ನೂರು ಡಿಗ್ರಿಯೊಳಗೇ ನಿಲ್ಲುತ್ತದೆ. ತೆಳು ಕೊಳವೆ ಅರ್ಧ ಕುಗ್ಗಿ ಸುಮ್ಮನಾಯಿತು. ಗಾಳಿ ಹೋಗುವ ದಾರಿ ಮುಚ್ಚಿ ಬಿಸಿ ಏರಿಸುವ ಉಪಾಯ ಮಾಡಬೇಡಿ. ಡ್ರೈಯರ್ ಸುಡುತ್ತದೆ, ಮನೆಯಲ್ಲಿ ಮಾತೂ ಕೇಳಬೇಕಾಗುತ್ತದೆ.

ಲೈಟರನ್ನು ನಾನು ಪೂರ್ತಿ ಬಹಿಷ್ಕರಿಸುವುದಿಲ್ಲ. ದಾರಿ ನಡುವೆ ಕಾರು ಕೆಟ್ಟಾಗ ಬೇರೇನಿರುತ್ತದೆ? ಉರಿಯನ್ನು ಕೊಳವೆಗೆ ತಾಗಿಸದೆ ಕೆಳಗೆ ದೂರದಲ್ಲಿ ಹಿಡಿದು, ನಿಲ್ಲಿಸದೆ ಆಡಿಸುತ್ತಿರಬೇಕು. ಮುಸಂದಮಿನ ಸ್ಪಿರಿಟ್ ದೀಪದವನಿಗೆ ಇದ್ದ ಕೈಗುಣ ಇದ್ದರೆ ಮಾತ್ರ. ಪೆಟ್ರೋಲ್ ಪೈಪಿನ ಹತ್ತಿರ, ಬ್ಯಾಟರಿಯ ಹತ್ತಿರ ಬೇಡವೇ ಬೇಡ.

ಉಳಿದದ್ದು ಬಿಸಿಗಾಳಿಯ ಹೀಟ್ ಗನ್. ನನ್ನ ಆಯ್ಕೆ ಇದೇ. ಗಾಳಿ ಸುತ್ತಲೂ ಹರಿಯುತ್ತದೆ, ಮಸಿ ಇಲ್ಲ. ಆದರೆ ಹಾರ್ಡ್‌ವೇರ್ ಅಂಗಡಿಯ ಬಣ್ಣ ಕೀಳುವ 2000 ವಾಟಿನ ದೊಡ್ಡ ಗನ್ 500 ಡಿಗ್ರಿಗೂ ಮೇಲೆ ಹೋಗುತ್ತದೆ. ಸರ್ಕ್ಯೂಟ್ ಬೋರ್ಡಿನ ಮೇಲೆ ಅದನ್ನು ತಿರುಗಿಸಿದರೆ ಬಿಡಿಭಾಗಗಳು ಹಾರಿಹೋಗುತ್ತವೆ. ಮನೆಕೆಲಸಕ್ಕೆ 300 ವಾಟಿನ ಸಣ್ಣದು ಸಾಕು, ಕೆಲವೇ ರಿಯಾಲಿಗೆ ಸಿಗುತ್ತದೆ. ಕೊಳವೆಯ ನಡುವಿನಿಂದ ತುದಿಗಳ ಕಡೆಗೆ ಬಿಸಿ ಮಾಡಿ, ಒಳಗಿನ ಗಾಳಿ ಹೊರಹೋಗಲಿ. ತಣ್ಣಗಾಗುವ ಮೊದಲು ಬಗ್ಗಿಸಬೇಡಿ. ಆಫ್ ಮಾಡಿದ ಮೇಲೂ ಅದರ ಮೂತಿ ಬಹಳ ಹೊತ್ತು ಸುಡುತ್ತದೆ. ಕಾರ್ಪೆಟ್ ಮೇಲೆ ಇಡಬಾರದು. ಟೆಫ್ಲಾನ್ ಕೊಳವೆ ಸಿಕ್ಕಿದರೆ ಮನೆಯಲ್ಲಿ ಕುಗ್ಗಿಸಲು ಹೋಗಬೇಡಿ. ಅದಕ್ಕೆ 300 ಡಿಗ್ರಿಗೂ ಹೆಚ್ಚು ಬೇಕು, ಅತಿಯಾಗಿ ಕಾದರೆ ಬರುವ ಹೊಗೆ ಮನುಷ್ಯರಿಗೂ ಕೆಟ್ಟದ್ದು, ಪಂಜರದ ಲವ್ ಬರ್ಡ್ಸ್‌ಗೆ ಪ್ರಾಣಕ್ಕೇ ಸಂಚಕಾರ.

ಇನ್ನೊಂದು ಮಾತು, ಇದು ಎಲ್ಲರೂ ಮಾಡುವ ತಪ್ಪು: ಬೆಸುಗೆ ಮುಗಿಸಿದ ಮೇಲೆ ಕೊಳವೆ ಏರಿಸಲು ಮರೆತದ್ದು ನೆನಪಾಗುವುದು. ಮೂವತ್ತು ವರ್ಷದ ಅನುಭವದ ನಂತರವೂ ನನಗೆ ಆಗುತ್ತದೆ. ಕೊಳವೆಯ ಪ್ಯಾಕೆಟ್ಟನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೂ ಬಿಡಬೇಡಿ. ಜೂನ್ ತಿಂಗಳಲ್ಲಿ ಹಾಗೆ ಬಿಟ್ಟ ನನ್ನ ಪ್ಯಾಕೆಟ್ಟಿನ ತುಂಡುಗಳು ತಂತಿ ಕಾಣುವ ಮೊದಲೇ ಕಿರಿದಾಗತೊಡಗಿದ್ದವು. ಸೊಹಾರಿನ ಸೂರ್ಯನನ್ನೂ ಬಿಸಿಯ ಪಟ್ಟಿಗೆ ಸೇರಿಸಿಕೊಳ್ಳಬಹುದು.

ಅಂದಹಾಗೆ, ನಿಮ್ಮ ಕೈಯಲ್ಲಿರುವ ಈ ಜೆರಾಕ್ಸ್ ಹಾಳೆಯ ಅಕ್ಷರಗಳೂ ಪ್ಲಾಸ್ಟಿಕ್ ಬೆರೆತ ಕಪ್ಪು ಪುಡಿಯೇ. ಯಂತ್ರದೊಳಗಿನ ಬಿಸಿ ಉರುಳೆ ಅದನ್ನು ಕಾಗದ ಸುಡದಂತೆ ಕರಗಿಸಿ ಅಂಟಿಸಿದೆ.

ಮಗಳ ದೀಪಕ್ಕೆ ಹನ್ನೆರಡು ವೋಲ್ಟಿನ ಅಡಾಪ್ಟರ್. ಹಾಗಾಗಿ ಅವಳ ಕೀಲುಗಳನ್ನೆಲ್ಲ ಅವಳೇ ಹೀಟ್ ಗನ್ನಿನಲ್ಲಿ ಕುಗ್ಗಿಸಲಿ ಎಂದು ಬಿಟ್ಟೆ. ಗೋಡೆಯ 240 ವೋಲ್ಟಿನ ವಯರ್ ಹರಿದರೆ ಕೊಳವೆಯ ತೇಪೆ ಹಾಕಬಾರದು, ವಯರನ್ನೇ ಬದಲಿಸಬೇಕು ಎಂದು ಅವಳಿಗೆ ಹೇಳುವಾಗ ಅಜ್ಜಿಯ ಮಿಕ್ಸಿಯ ಕಥೆಯನ್ನೂ ಹೇಳಿದೆ. "ಅಜ್ಜಿಗೆ ಶಾಕ್ ಹೊಡೆಸಿದ್ದು ನೀವಾ?" ಎಂದು ಕೇಳಿದಳು. ಹೌದೆಂದೆ.

ಮಿಕ್ಸಿಗೆ ಪೂರ್ತಿ ಹೊಸ ವಯರ್ ಹಾಕಿಸಿ, ಮನೆಗೆ ಸೋರಿಕೆ ಕಡಿಯುವ ಸ್ವಿಚ್ಚನ್ನೂ ಕೂರಿಸಿ ಬಂದಿದ್ದೇನೆ. ಅಮ್ಮ ಈಗಲೂ ಆ ವಯರನ್ನು ಬರಿಗೈಯಲ್ಲಿ ಮುಟ್ಟುವುದಿಲ್ಲ. ಒಲೆಯಿಂದ ಪಾತ್ರೆ ಇಳಿಸುವ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಹಿಡಿದುಕೊಂಡೇ ಪ್ಲಗ್ ಹಾಕುತ್ತಾರೆ.